ಪದಚರ್ಚೆ: ನರವನ್ನು ‘ಪ್ರಚೋದಿಸುವುದೋ’, ‘ಹದಗೊಳಿಸುವುದೋ’?

ಗೆಳೆಯರೇ, ಒಂದು ಪದಕ್ಕಾಗಿ ತಿಂಗಳಿಂದ ಹುಡುಕುತ್ತಿದ್ದೇನೆ. ಹೆಂಗಸರಿಗಾಗಿ ಒಂದು ಆರೋಗ್ಯ ಕೈಪಿಡಿ ಬರೆಯುತ್ತಿದ್ದೇನೆ. ಒಂದಕ್ಕೆ ಬಂದರೆ ಬಚ್ಚಲು ಮುಟ್ಟುವ ತನಕವೂ ತಡೆಯಲಾಗದವರಿಗೆ, ಎರಡಕ್ಕೆ ಹಿಡಿತ ತಪ್ಪಿದವರಿಗೆ, ನರಕ್ಕೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ ಇದೆ. ‘ನರ್ವ್ ಸ್ಟಿಮ್ಯುಲೇಶನ್’ ಅಂತಾರೆ. ನಾನು ‘ನರ ಪ್ರಚೋದನೆ’ ಅಂತ ಬರೆದೆ.

ಬರೆದಿದ್ದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಮದುವೆಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುವವರು ಅವರು. ಪೂರ್ತಿ ಕೇಳಿ, "ಪ್ರಚೋದನೆ ಅಂದ್ರೆ ಕೆರಳಿಸೋದು ಅಲ್ವೇನೇ? ಈಗಲೇ ಕೆರಳಿ ಕೂತಿದೆ, ಇನ್ನೂ ಕೆರಳಿಸಿದ್ರೆ ನಾನೇನು ಮಾಡ್ಲಿ?" ಅಂದರು.

ಅವರು ಹೇಳಿದ್ದು ಸರಿ. ಪೇಪರಿನಲ್ಲಿ ನಾವು ಓದುವುದು ‘ಪ್ರಚೋದನಕಾರಿ ಭಾಷಣ’ ತಾನೇ? ಈ ಚಿಕಿತ್ಸೆ ಮಾಡುವುದು ಬೇರೆ ಕೆಲಸ. ಬೆನ್ನುಮೂಳೆಯ ಬುಡದಲ್ಲಿ ಹೊರಬರುವ ಮೂರನೇ ಸೇಕ್ರಲ್ ನರದ ಪಕ್ಕ ತಂತಿ ಇಟ್ಟು, ಪುಟ್ಟ ಯಂತ್ರದಿಂದ ಕರೆಂಟ್ ಕೊಡುತ್ತಾರೆ. ಅತಿಯಾಗಿ ಅವಸರ ಮಾಡುವ ಮೂತ್ರಕೋಶ ಅದರಿಂದ ತಣ್ಣಗಾಗುತ್ತದೆ. ಅಡ್ಡಿ ಏನೂ ಇಲ್ಲದೆ ಮೂತ್ರ ಕಟ್ಟಿಕೊಂಡವರಿಗೂ ಅದೇ ಯಂತ್ರ ಬಳಸುತ್ತಾರೆ! ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದಲ್ಲಿ ಟನಾಗೋ ಮತ್ತು ಶ್ಮಿಟ್ ಎಂಬ ವೈದ್ಯರು 1980ರ ದಶಕದಲ್ಲಿ ಇದಕ್ಕೆ ದಾರಿ ಹಾಕಿದರು. ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1997ರಲ್ಲಿ ಮೂತ್ರದ ತೊಂದರೆಗೆ, 2011ರಲ್ಲಿ ಮಲದ ತೊಂದರೆಗೆ ಒಪ್ಪಿಗೆ ಕೊಟ್ಟಿತು. ಈಗ ವೈದ್ಯರೇ ಜಾಸ್ತಿ ಬಳಸುವುದು ‘ನ್ಯೂರೋಮಾಡ್ಯುಲೇಶನ್’, ಅಂದರೆ ನರದ ಕೆಲಸವನ್ನು ಸರಿಹೊಂದಿಸುವುದು, ಅನ್ನುವ ಪದವನ್ನು.

ಅದಕ್ಕೇ ನನಗೆ ‘ನರ ಹದಗೊಳಿಸುವುದು’ ಹಿಡಿಸಿದೆ. ಹದ ಅಂದರೆ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಮಣ್ಣಿಗೆ ಹದ ಇದೆ, ಬೆಲ್ಲದ ಪಾಕಕ್ಕೆ ಹದ ಇದೆ. ಆದರೆ ತೊಗಲು ಹದ ಮಾಡುವುದು ನೆನಪಾಗಿ ಯಾರಿಗಾದರೂ ಕಸಿವಿಸಿ ಆಗುತ್ತದೆಯೇ?

‘ನರ ಚೇತನ’ ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಅದು ತುಂಬಾ ಆಸೆ ಹುಟ್ಟಿಸುತ್ತದೆ, ಆದರೆ ಚಿಕಿತ್ಸೆ ಎಲ್ಲ ತೊಂದರೆಗೂ ಫಲ ಕೊಡುವುದಿಲ್ಲ. ಕಾಲಿನ ಹರಡಿನ ಮೇಲೆ ಸಣ್ಣ ಸೂಜಿ ಚುಚ್ಚಿ, ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಕರೆಂಟ್ ಕೊಡುವ ವಿಧಾನವೂ ಇದೆ. ಅಲ್ಲಿನ ಟಿಬಿಯಲ್ ನರದ ಬೇರುಗಳಲ್ಲಿ ಕೆಲವು ಆ ಸೇಕ್ರಲ್ ಜಾಗದಿಂದಲೇ ಬಂದಿವೆ. ಮೂತ್ರದ ಅವಸರಕ್ಕೆ ಅದು ಕೆಲಸ ಮಾಡಿತು. ಮಲದ ತೊಂದರೆಗೆ ಬ್ರಿಟನ್ನಿನಲ್ಲಿ ನಿಜವಾದದ್ದರ ಹಾಗೇ ತೋರುವ ಹುಸಿ ಚಿಕಿತ್ಸೆಯ ಜೊತೆ ಅದನ್ನು ಹೋಲಿಸಿ ನೋಡಿದರು. 2015ರಲ್ಲಿ ಫಲ ಹೊರಬಂದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಗ ನಾಣ್ಯದಂಥ ಪುಟ್ಟ ಯಂತ್ರವನ್ನು ಅಲ್ಲೇ ಚರ್ಮದಡಿ ಇಡುವುದು ಬಂದಿದೆ. 2022ರಲ್ಲಿ ಅಂಥದ್ದೊಂದಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ಇನ್ನೊಂದು ಪದ ‘ಪೆಲ್ವಿಕ್ ಫ್ಲೋರ್’. ‘ಶ್ರೋಣಿ ತಳ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ‘ಕಿಬ್ಬೊಟ್ಟೆ’ ಅಂದರೆ ಮುಂಭಾಗ ಮಾತ್ರ. ಚಿಕ್ಕಮ್ಮನಿಗೆ ಸೆರಗನ್ನು ಎರಡೂ ಕೈಯಲ್ಲಿ ಜೋಲಿಯ ಹಾಗೆ ಹಿಡಿದು ತೋರಿಸಿದೆ. ಮೂತ್ರಕೋಶ, ಗರ್ಭಕೋಶ, ಮಲದ ಕೊಳವೆ ಮೂರನ್ನೂ ಕೆಳಗಿನಿಂದ ಹೊತ್ತ ಮಾಂಸದ ಜೋಲಿ ಅಂದೆ. ತಕ್ಷಣ ತಿಳಿಯಿತು. ‘ಒಡಲ ಜೋಲಿ’ ಅನ್ನಬಹುದಾ?

ಸೂಜಿ ಚುಚ್ಚುವ ಜಾಗಕ್ಕೆ ನಿಮ್ಮ ಕಡೆ ಹರಡು ಅಂತೀರೋ, ಕಣಕಾಲು ಅಂತೀರೋ? ಮನೆಯ ಹಿರಿಯ ಹೆಂಗಸರನ್ನೇ ಕೇಳಿ ಬರೆಯಿರಿ.