ಗಾಳಿ, ಅಲೆ, ನೀರಿನಡಿಯ ಸದ್ದು: ತಜ್ಞರನ್ನು ಕೇಳಿ

ಸುಮಾ: ಮೇಡಂ, ಬಿರುಗಾಳಿಯ ಹೊತ್ತಿನ ರೆಕಾರ್ಡಿಂಗ್‌ನಲ್ಲಿ 1 ಕಿಲೋಹರ್ಟ್ಸ್ ಹತ್ತಿರ ಸದ್ದು ಏರಿದೆ. 20 ಕಿಲೋಹರ್ಟ್ಸ್ ಹತ್ತಿರ ಇಳಿದಿದೆ. ಹೈಡ್ರೋಫೋನ್ (ನೀರಿನಡಿಯ ಮೈಕ್) ಕೆಟ್ಟಿದೆಯಾ?

ತಜ್ಞೆ: ಈಗಲೇ ಹಾಗೆ ತೀರ್ಮಾನಿಸಬೇಡಿ, ಇದು ತುಂಬಾ ಒಳ್ಳೆಯ ರೆಕಾರ್ಡಿಂಗ್ ಇರಬಹುದು. ಗಾಳಿಯ ಸದ್ದು ನೇರವಾಗಿ ನೀರಿಗೆ ಇಳಿಯುವುದು ತೀರಾ ಕಡಿಮೆ. ಅಲೆ ಒಡೆದಾಗ ಗಾಳಿ ಗುಳ್ಳೆಗಳಾಗಿ ನೀರೊಳಗೆ ಸೇರುತ್ತದೆ. ಹುಟ್ಟುವ ಕ್ಷಣದಲ್ಲಿ ಗುಳ್ಳೆ ಕಂಪಿಸುತ್ತದೆ, ನಮಗೆ ಕೇಳುವುದು ಅದು. ನೀರಿನ ಮೇಲ್ಭಾಗದಲ್ಲಿ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3 ಕಿಲೋಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಗುಳ್ಳೆ ಸಣ್ಣದಾದಷ್ಟೂ ಫ್ರೀಕ್ವೆನ್ಸಿ ಜಾಸ್ತಿ.

ಗಾಳಿ ಜೋರಾದಾಗ ಹಳೆಯ ಸಣ್ಣ ಗುಳ್ಳೆಗಳು ಮೇಲೇರಿ ಹೋಗದೆ ದಟ್ಟ ಪದರವಾಗಿ ಉಳಿಯುತ್ತವೆ. ಅವು ಸದ್ದು ಮಾಡುವುದಿಲ್ಲ. ಮೇಲೆ ಒಡೆಯುವ ಅಲೆಯ ಸದ್ದನ್ನು, ಅದರಲ್ಲೂ ಹೆಚ್ಚಿನ ಫ್ರೀಕ್ವೆನ್ಸಿಯದ್ದನ್ನು, ಹೀರಿಕೊಳ್ಳುತ್ತವೆ. ಗಾಳಿ ಮೊದಲಿನ ವೇಗಕ್ಕೆ ಇಳಿದಾಗ 20 ಕಿಲೋಹರ್ಟ್ಸ್ ಮಟ್ಟವೂ ಮೊದಲಿನಷ್ಟೇ ಆಯಿತಾ, ನೋಡಿ ಹೇಳಿ.

ಗಿರೀಶ: ಅಲೆಯ ಸದ್ದು ಆಳಕ್ಕೆ ಹೋಗಲ್ಲ ಅಲ್ವಾ?

ತಜ್ಞೆ: ಹೋಗುತ್ತದೆ. ಆಳದಲ್ಲಿ ಇಲ್ಲವಾಗುವುದು ಅಲೆಯ ಚಲನೆ, ಸದ್ದಲ್ಲ.

ರಘು: ಹೈಡ್ರೋಫೋನ್‌ಗೆ ಸ್ಪಂಜು ಸುತ್ತಿದರೆ ಅಲೆಯ ಸದ್ದು ಹೋಗುತ್ತದಂತೆ. ಫಾರ್ವರ್ಡ್ ಬಂದಿದೆ.

ತಜ್ಞೆ: ಸುತ್ತಬೇಡಿ. ಸ್ಪಂಜಿನಲ್ಲಿ ಸಿಕ್ಕ ಗಾಳಿ ಬೇಕಾದ ಸದ್ದನ್ನೂ ತಡೆಯುತ್ತದೆ, ಅಳತೆ ಪೂರ್ತಿ ಹಾಳು. ಇಂಥದ್ದನ್ನು ಇಲ್ಲಿ ಹಾಕುವ ಮುಂಚೆ ಒಂದು ಸಲ ಯೋಚಿಸಿ.

ಇಮ್ರಾನ್: ಸಮುದ್ರದ ಸದ್ದೆಲ್ಲ ಹಡಗಿನದ್ದೇ. ಗಾಳಿ ಲೆಕ್ಕಕ್ಕಿಲ್ಲ.

ಲತಾ: ಸಮುದ್ರದಲ್ಲಿ ಯಾವ ಫ್ರೀಕ್ವೆನ್ಸಿಯಲ್ಲಿ ಯಾವುದರ ಸದ್ದು ಎಷ್ಟು ಅಂತ ತೋರಿಸುವ 1962ರ ವೆಂಜ್ ನಕ್ಷೆ ನೋಡಿ. ದೂರದ ಹಡಗುಗಳ ಸದ್ದು ಮುಖ್ಯವಾಗಿ ನೂರು ಹರ್ಟ್ಸ್ ಆಸುಪಾಸು. 500 ದಾಟಿದರೆ ಸಾಮಾನ್ಯವಾಗಿ ಗಾಳಿಯದ್ದೇ ಮೇಲುಗೈ.

ಇಮ್ರಾನ್: ಬಂದರಿನ ಬಾಯಲ್ಲಿ ಕೇಳಿ ನೋಡಿ. ಆಮೇಲೆ ನಕ್ಷೆ ತೋರಿಸಿ.

ಲತಾ: ನಾನು ಹೇಳುತ್ತಿರುವುದು ತೆರೆದ ಸಾಗರದ ಬಗ್ಗೆ. ಓದಿ ಬರೆಯಿರಿ.

ಸುಮಾ: ಮೇಡಂ, ಗಾಳಿ ಇಳಿದ ಮೇಲೆ ಮಟ್ಟ ಮೊದಲಿನಂತೆ ಆಗಿದೆ.

ತಜ್ಞೆ: ಹಾಗಾದರೆ ಉಪಕರಣ ಸರಿಯಿರುವಂತಿದೆ. ಆ ಫೈಲ್ ಅಳಿಸಬೇಡಿ. ಗಾಳಿಯ ವೇಗವನ್ನು ಗಂಟೆಗಂಟೆಗೆ ಅದರ ಜೊತೆ ಬರೆದಿಡಿ.

ನಂದಿನಿ: ಮಳೆಯ ಸದ್ದನ್ನು ಇದರಿಂದ ಬೇರೆ ಮಾಡುವುದು ಹೇಗೆ?

ಪ್ರಕಾಶ: ಆಳದಲ್ಲಿ ಅಲೆಯ ಸದ್ದು ಇರುತ್ತಾ?

ತಜ್ಞೆ: ಮೇಲೆ ಹೇಳಿದ್ದೇನೆ.

ಇಮ್ರಾನ್: ಲತಾ, ಹಡಗು ಹತ್ತಿರ ಬಂದರೆ ಗಾಳಿ ಕೇಳುತ್ತಾ? ಸುಮ್ನೆ ವಾದ.

ತಜ್ಞೆ: ಇಬ್ಬರೂ ನಿಲ್ಲಿಸಿ. ಜಾಗ, ಫ್ರೀಕ್ವೆನ್ಸಿ ಎರಡನ್ನೂ ಹೇಳದೆ ಯಾವುದು ದೊಡ್ಡ ಸದ್ದು ಅಂತ ಕೇಳಬೇಡಿ. ಹತ್ತಿರದ ಹಡಗು ಹಲವು ಕಿಲೋಹರ್ಟ್ಸ್‌ವರೆಗೂ ಕೇಳುತ್ತದೆ.

ಇಮ್ರಾನ್: ನಾನು ಹೇಳಿದ್ದೂ ಅದೇ.

ಲತಾ: ಅಲ್ಲ. ನೀವು ಬರೆದಿದ್ದು ‘ಸಮುದ್ರದ ಸದ್ದೆಲ್ಲ’ ಅಂತ.