ಟ್ಯಾಬ್ಲೆಟ್ ಮೇಲಿನ ಸ್ಮರಣಶಕ್ತಿ ಪರೀಕ್ಷೆ: ಅಂಕವನ್ನು ಎಷ್ಟು ನಂಬಬಹುದು?

ಪ್ರಶ್ನೆ:
ನಾಲ್ಕನೇ ತರಗತಿಯವರೆಗೆ ಮಾತ್ರ ಓದಿರುವ ನಮ್ಮ ತಾಯಿಯವರ ಮರೆವಿನ ಬಗ್ಗೆ ವಿಚಾರಿಸಲು ಹೋದಾಗ, ಚಿಕಿತ್ಸಾಲಯದಲ್ಲಿ ಟ್ಯಾಬ್ಲೆಟ್ ಮೇಲೆ ಪರೀಕ್ಷೆ ಮಾಡಿಸಿ, ಅಂಕ ಕಡಿಮೆಯಿದೆ ಎಂದರು. ಸ್ಪರ್ಶಪರದೆಯನ್ನು ಎಂದೂ ಬಳಸಿರದವರ ವಿಷಯದಲ್ಲಿ ಈ ಫಲಿತಾಂಶಕ್ಕೆ ಎಷ್ಟು ಬೆಲೆ ಕೊಡಬೇಕು?

ಉತ್ತರ 1:
ಅದು ಪ್ರಾಥಮಿಕ ತಪಾಸಣೆಯೇ ಹೊರತು ರೋಗನಿರ್ಣಯವಲ್ಲ. 2005ರಲ್ಲಿ ಪ್ರಕಟವಾದ, ಸ್ಮರಣೆ, ಯೋಚನಾಶಕ್ತಿಗಳನ್ನು ಅಳೆಯಲು ಬಳಸುವ 30 ಅಂಕಗಳ ಮೋಕಾ (MoCA) ಪರೀಕ್ಷೆಯಲ್ಲಿ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಆದರೆ ಘನಾಕೃತಿ, ಗಡಿಯಾರಗಳನ್ನು ಬಿಡಿಸುವಾಗ ಪೆನ್ಸಿಲ್ ಹಿಡಿದು ರೂಢಿಯಿಲ್ಲದವರಿಗೆ ಆಗುವ ತೊಡಕನ್ನು ಆ ಒಂದೇ ಅಂಕ ಸರಿದೂಗಿಸಲಾರದು ಎಂಬುದು ನನ್ನ ಅಭಿಪ್ರಾಯ. ಟ್ಯಾಬ್ಲೆಟ್ ಪ್ರತಿಕ್ರಿಯೆಯ ವೇಗವನ್ನೂ ಅಳೆಯುವುದಾದರೆ, ಬೆರಳಿನ ಹಿಂಜರಿಕೆಯೂ ಮನಸ್ಸಿನ ನಿಧಾನವೆಂದು ದಾಖಲಾಗುವ ಅಪಾಯವಿದೆ. ಪರೀಕ್ಷೆ ಯಾವ ಭಾಷೆಯಲ್ಲಿತ್ತು?

ಪ್ರಶ್ನೆ ಕೇಳಿದವರು:
ಇಂಗ್ಲಿಷ್‌ನಲ್ಲಿತ್ತು, ಸಿಬ್ಬಂದಿ ಆಗಿಂದಾಗ ಕನ್ನಡದಲ್ಲಿ ಹೇಳುತ್ತಿದ್ದರು.

ಉತ್ತರ 2:
ಹಾಗಿದ್ದರೆ ಆ ಅಂಕವನ್ನು ಬದಿಗಿಡಿ, ಮರೆವನ್ನು ಮಾತ್ರ ಕಡೆಗಣಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನ್ಯೂರೋಕಾಗ್ನಿಟಿವ್ ಟೂಲ್‌ಬಾಕ್ಸ್ ಎಂಬ ಸ್ಮರಣೆ-ಯೋಚನಾಶಕ್ತಿ ಪರೀಕ್ಷೆಗಳ ಗುಚ್ಛ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ಕನ್ನಡದಲ್ಲೇ ಮರುಪರೀಕ್ಷೆಗೆ ವಿಚಾರಿಸಿ. ಬಿ12, ಥೈರಾಯ್ಡ್, ಶ್ರವಣ, ಖಿನ್ನತೆ ಇವುಗಳ ತಪಾಸಣೆಯೂ ಆಗಲಿ. ಅಡುಗೆ, ಹಣದ ಲೆಕ್ಕ, ಮಾತ್ರೆ ಸೇವನೆಯಲ್ಲಿ ಇತ್ತೀಚೆಗೆ ಏನು ಬದಲಾಗಿದೆ ಎಂಬುದನ್ನು ಬರೆದುಕೊಂಡು ಹೋಗಿ. ವೈದ್ಯರಿಗೆ ಅದು ಅಂಕದಷ್ಟೇ ಮುಖ್ಯ.