ಮೈಸೂರಿನ ಮನೆಗೆ 3 ಕಿಲೋವ್ಯಾಟ್ ಸಾಕೆ, ಮಂಡ್ಯದ ಗಿರಣಿಗೆ ಎಷ್ಟು ಬೇಕು? ಸೋಲಾರ್ ಬಗ್ಗೆ ತಿಳಿದವರ ಉತ್ತರಗಳು

ಪ್ರಶ್ನೆ: ಮೈಸೂರಿನ ಶ್ರೀರಾಂಪುರದಲ್ಲಿ 30×40 ಸೈಟಿನ ಎರಡಂತಸ್ತಿನ ಮನೆ. ತಿಂಗಳಿಗೆ ಸರಾಸರಿ 320 ಯೂನಿಟ್ ಬಳಕೆ. ತಾರಸಿಯ ದಕ್ಷಿಣಕ್ಕೆ 8 ಅಡಿ ಎತ್ತರದ ಮೆಟ್ಟಿಲ ರೂಮು, ಪಕ್ಕದಲ್ಲಿ ಬಿಸಿನೀರಿನ ಸೋಲಾರ್. ಪಶ್ಚಿಮಕ್ಕೆ ಪಕ್ಕದ ಮನೆಯವರ ತೆಂಗಿನಮರ. 3 ಕಿಲೋವ್ಯಾಟ್‌ಗೆ ಒಬ್ಬರು 1.75 ಲಕ್ಷ, ಇನ್ನೊಬ್ಬರು 2.10 ಲಕ್ಷ ಹೇಳಿದ್ದಾರೆ. ಮೀಟರ್ ಇನ್ನೂ ತಂದೆಯವರ ಹೆಸರಲ್ಲಿದೆ, ಅವರು ಈಗಿಲ್ಲ. ಮಂಡ್ಯದಲ್ಲಿ ತಮ್ಮನ ಹಿಟ್ಟಿನ ಗಿರಣಿ ಇದೆ: ಶೀಟಿನ ಚಾವಣಿ, 10 ಎಚ್‌ಪಿ ಮೋಟಾರು. ಕರೆಂಟ್ ಹೋದಾಗಲೂ ಗಿರಣಿ ಓಡಬೇಕು ಅಂತ ಅವನ ಆಸೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ 1 (ಅರ್ಜಿ, ನೆಟ್ ಮೀಟರ್ ಅಂದರೆ ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಯೂನಿಟ್ ಎರಡನ್ನೂ ಅಳೆಯುವ ಮೀಟರಿನ ಕೆಲಸ ನೋಡುವವರು)

ಪ್ಯಾನೆಲ್ ಮಾತು ಆಮೇಲೆ. ಮೊದಲು ಆರ್‌ಆರ್ ನಂಬರನ್ನು (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ನಿಮ್ಮ ಹೆಸರಿಗೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಅಥವಾ ಕಂದಾಯದ ರಸೀದಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಷ್ಟನ್ನು ಹಿಡಿದು ವಿದ್ಯುತ್ ಕಂಪನಿ ಸೆಸ್ಕ್‌ನ ಉಪವಿಭಾಗದ ಕಚೇರಿಗೆ ಹೋಗಿ. ಮನೆಯ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಬಿಲ್ಲಿನ ಹೆಸರು, ಆಧಾರ್ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು. ತಂದೆಯವರ ಹೆಸರಲ್ಲೇ ಅರ್ಜಿ ಹಾಕಿಬಿಟ್ಟರೆ ಪ್ಯಾನೆಲ್ ಮೇಲೇರಿ, ಮೀಟರೂ ಬಂದು, ಕೊನೆಗೆ ಸಬ್ಸಿಡಿ ಹಂತದಲ್ಲಿ ಕಡತ ನಿಂತುಬಿಡುತ್ತದೆ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಈಗಲೇ ಸರಿಮಾಡಿಸಿ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 2 ಕಿಲೋವ್ಯಾಟ್ ಇದ್ದು 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಲೋಡ್ ಏರಿಸಬೇಕಾಗಿ ಬರಬಹುದು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬೀಳುವುದರಿಂದ ಅದು ತಿಂಗಳು ತಿಂಗಳೂ ಹೆಚ್ಚಾಗುತ್ತದೆ. ಸೋಲಾರ್ ಎಷ್ಟೇ ಉತ್ಪಾದಿಸಿದರೂ ಈ ಶುಲ್ಕ ಹೋಗುವುದಿಲ್ಲ. 'ಬಿಲ್ ಸೊನ್ನೆ' ಅಂತ ಹೇಳಿ ಮಾರುವವರು ಇದನ್ನು ಹೇಳುವುದಿಲ್ಲ.

ಸಬ್ಸಿಡಿ ಲೆಕ್ಕ ಹೀಗೆ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಹಣ ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ, ಅದೂ ಮೀಟರ್ ಕೂರಿಸಿ ಚಾಲನೆ ವರದಿ ಆದ ಮೇಲೆ. 'ಸಬ್ಸಿಡಿ ಕಳೆದು ಇಷ್ಟೇ ಕೊಡಿ' ಎನ್ನುವ ಕೊಟೇಶನ್ ಇದ್ದರೆ ಪೂರ್ತಿ ಬೆಲೆಯನ್ನು ಬರೆಸಿಕೊಳ್ಳಿ. ಗಿರಣಿಗೆ ಈ ಸಬ್ಸಿಡಿ ಇಲ್ಲ, ಇದು ಮನೆಗಳಿಗೆ ಮಾತ್ರ.

ಉತ್ತರ 2 (ವಿನ್ಯಾಸ ಮಾಡುವವರು)

320 ಯೂನಿಟ್‌ಗೆ 3 ಕಿಲೋವ್ಯಾಟ್ ಸರಿಯಾದ ಅಳತೆ. ನಮ್ಮ ಕಡೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 540 ವ್ಯಾಟ್‌ನ 6 ಪ್ಯಾನೆಲ್ ಅಂದರೆ 3.24 ಕಿಲೋವ್ಯಾಟ್, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಂಗಳಿಗೆ 400 ದಾಟುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡದಲ್ಲಿ 300ರ ಆಸುಪಾಸಿಗೆ ಇಳಿಯಬಹುದು. 5 ಕಿಲೋವ್ಯಾಟ್ ಹಾಕಿಸಿ ಅಂದರೆ ಬೇಡ ಅನ್ನಿ. ಉಳಿದ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ, ಸಬ್ಸಿಡಿಯೂ 78,000 ದಾಟುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಸೋಲಾರ್‌ನಿಂದ ಉಳಿಯುವ ಹಣ ಹೆಚ್ಚುಕಡಿಮೆ ಏನೂ ಇಲ್ಲ. ಪ್ರಶ್ನೆ ಕೇಳಿದವರ ಬಳಕೆ 200 ಯೂನಿಟ್ ದಾಟಿದೆ, ಪೂರ್ತಿ ಬಿಲ್ ಕಟ್ಟುತ್ತಾರೆ, ಹಾಗಾಗಿ ಅವರಿಗೆ ಲಾಭವಿದೆ. ತೆರಿಗೆ ಸೇರಿ ಯೂನಿಟ್‌ಗೆ 6 ರೂಪಾಯಿಯ ಮೇಲೆ ಹಿಡಿದರೂ ತಿಂಗಳಿಗೆ ಸುಮಾರು 2,000 ಉಳಿಯುತ್ತದೆ. ಸಬ್ಸಿಡಿ ಕಳೆದು ಕೈಯಿಂದ ಹೋದದ್ದು ಐದು ವರ್ಷದ ಆಸುಪಾಸಿನಲ್ಲಿ ವಾಪಸ್ ಬರುತ್ತದೆ.

ಈಗ ನೆರಳು. ಇದರಲ್ಲಿ ಯಾರ ಮಾತನ್ನೂ ನಂಬಬೇಡಿ, ನೀವೇ ಅಳೆಯಿರಿ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ನಿಮ್ಮ 8 ಅಡಿ ಮೆಟ್ಟಿಲ ರೂಮಿನ ನೆರಳು ಆಗ ಉತ್ತರಕ್ಕೆ ಸುಮಾರು 6 ಅಡಿ ಚಾಚುತ್ತದೆ, ಬೆಳಗ್ಗೆ 9ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಸುಮಾರು 8 ಅಡಿ. ರೂಮಿನ ಮೇಲೆ ಟ್ಯಾಂಕ್ ಇದ್ದರೆ ಅದರ ಎತ್ತರವನ್ನೂ ಸೇರಿಸಿಕೊಳ್ಳಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ಉತ್ತರಕ್ಕಿರುವುದರಿಂದ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಆದರೆ ಗಿಡ್ಡ: 8 ಅಡಿಗೆ ಒಂದೂವರೆ ಅಡಿ. ಬೇಸಿಗೆಯಲ್ಲಿ ತಾರಸಿ ನೋಡಿ 'ನೆರಳೇ ಇಲ್ಲ' ಎಂದು ಜಾಗ ಗುರುತು ಮಾಡಿದವರು ಡಿಸೆಂಬರ್‌ನಲ್ಲಿ ಕಷ್ಟಕ್ಕೆ ಸಿಗುತ್ತಾರೆ.

ತೆಂಗಿನ ಗರಿಯ ನೆರಳು ತೆಳ್ಳಗಿದೆ, ಆಡುತ್ತಿರುತ್ತದೆ, ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಪ್ಯಾನೆಲ್‌ನೊಳಗೆ ಸೆಲ್‌ಗಳು ಸರಣಿಯಲ್ಲಿವೆ, ಮೂರು ಭಾಗಕ್ಕೆ ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಮುಂದೆ ಸಾಗಿಸುವ ಬಿಡಿಭಾಗ). ಒಂದೇ ಗರಿಯ ನೆರಳು ಒಂದು ಭಾಗದ ಉತ್ಪಾದನೆಯನ್ನು ಪೂರ್ತಿ ನಿಲ್ಲಿಸಬಲ್ಲದು. ಅದಕ್ಕಿಂತ ದೊಡ್ಡ ಅಪಾಯ ಬೀಳುವ ಕಾಯಿಯದು. ಗಾಜು ಒಡೆದರೆ ಆ ಪ್ಯಾನೆಲ್ ಮುಗಿದಂತೆ. ಮರದ ಹರವಿನ ಕೆಳಗೆ ಒಂದೂ ಹಾಕಬೇಡಿ, ಆರನ್ನೂ ಪೂರ್ವದ ಅಂಚಿಗೆ ಸರಿಸಿ. ದಕ್ಷಿಣಮುಖವಾಗಿ ಜಾಗ ಸಿಗದಿದ್ದರೆ ಪೂರ್ವಕ್ಕೆ 10 ಡಿಗ್ರಿ ವಾಲಿಸಿದರೂ ನಷ್ಟ ಕೆಲವೇ ಶೇಕಡಾ.

ಉತ್ತರ 3 (ಸ್ಟ್ರಕ್ಚರ್ ಫ್ಯಾಬ್ರಿಕೇಶನ್)

ವಾಲು 10ರಿಂದ 12 ಡಿಗ್ರಿ ಸಾಕು. ಪ್ಯಾನೆಲ್ ಉದ್ದ 2.28 ಮೀಟರ್, 10 ಡಿಗ್ರಿಗೆ ಹಿಂದಿನ ಕಾಲು ಮುಂದಿನದಕ್ಕಿಂತ 40 ಸೆಂ.ಮೀ. ಎತ್ತರ ಬರುತ್ತದೆ. ಎರಡು ಸಾಲು ಹಾಕುವುದಾದರೆ ನಡುವೆ 2 ಅಡಿ ಬಿಡಿ, ನೆರಳಿಗೂ ಆಯಿತು, ತೊಳೆಯಲು ಓಡಾಡುವುದಕ್ಕೂ ಆಯಿತು. 5 ಡಿಗ್ರಿಗಿಂತ ಕಡಿಮೆ ವಾಲಿಸಿದರೆ ಮಳೆನೀರು ಕೆಳ ಅಂಚಿನಲ್ಲಿ ನಿಂತು ಕೆಸರಿನ ಪಟ್ಟಿ ಕಟ್ಟುತ್ತದೆ, ಅದೇ ಕಾಯಂ ನೆರಳಾಗುತ್ತದೆ.

ಹಪ್ಪಳ ಸಂಡಿಗೆ ಒಣಗಿಸಬೇಕು, ಬಟ್ಟೆ ಹರವಬೇಕು ಅಂತ 8 ಅಡಿ ಎತ್ತರದ ಸ್ಟ್ರಕ್ಚರ್ ಕೇಳುವವರು ಬಹಳ. ಆಗುತ್ತದೆ, ಆದರೆ ಖರ್ಚು ಏರುತ್ತದೆ, ಗಾಳಿಯ ಹೊಡೆತವೂ ಏರುತ್ತದೆ. ಭಾರತೀಯ ಮಾನಕದಲ್ಲಿ ಮೈಸೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿ.ಮೀ. ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿ ಪ್ಯಾನೆಲ್ಲನ್ನು ಕೆಳಗಿನಿಂದ ಎತ್ತಲು ನೋಡುತ್ತದೆ. ಒಂದು ಘನ ಅಡಿ ಕಾಂಕ್ರೀಟ್ ದಿಮ್ಮಿಯ ತೂಕ ಸುಮಾರು 68 ಕೆ.ಜಿ. ಗಿಡ್ಡ ಸ್ಟ್ರಕ್ಚರ್‌ಗೂ ಅದನ್ನು ಸುಮ್ಮನೆ ಇಟ್ಟರೆ ಸಾಲದು. ಎತ್ತರದ್ದಕ್ಕೆ ಕಾಲಂ ಅಥವಾ ಬೀಮ್ ಇರುವ ಕಡೆಯೇ ಕೆಮಿಕಲ್ ಆಂಕರ್ (ಅಂಟಿನಿಂದ ಕಾಂಕ್ರೀಟಿಗೆ ಕಚ್ಚಿಸುವ ಬೋಲ್ಟ್) ಹಾಕಿ ಕೂರಿಸಬೇಕು. ಸ್ಲ್ಯಾಬಿನ ನಡುವೆ ಎಲ್ಲೆಂದರಲ್ಲಿ ಡ್ರಿಲ್ ಮಾಡಿದರೆ ಮುಂದಿನ ಮಳೆಗಾಲಕ್ಕೆ ಕೆಳಗಿನ ರೂಮಿನಲ್ಲಿ ತೇವ ಗ್ಯಾರಂಟಿ.

ಕಬ್ಬಿಣ ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಇರಲಿ, ಸತುವಿನ ಪದರ 80 ಮೈಕ್ರಾನ್. ಸೈಟಿನಲ್ಲಿ ಕತ್ತರಿಸಿ ವೆಲ್ಡ್ ಮಾಡಿ ಸಿಲ್ವರ್ ಪೇಂಟ್ ಬಳಿಯುವುದಕ್ಕೆ ಒಪ್ಪಬೇಡಿ, ತುಕ್ಕು ಶುರುವಾಗುವುದೇ ವೆಲ್ಡಿನಿಂದ. ಬೋಲ್ಟ್, ಕ್ಲ್ಯಾಂಪು ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ಉತ್ತರ 4 (ವೈರಿಂಗ್)

25 ವರ್ಷ ಬಾಳುವ ಪ್ಯಾನೆಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಡುವುದು ಪ್ಯಾನೆಲ್‌ಗಿಂತ ಹೆಚ್ಚಾಗಿ ಅದರಿಂದ ಮೀಟರ್‌ವರೆಗಿನ ದಾರಿ.

ಆರು ಪ್ಯಾನೆಲ್ ಸರಣಿಯಲ್ಲಿ ಸೇರಿದರೆ ತೆರೆದ ಸ್ಥಿತಿಯಲ್ಲಿ ಸುಮಾರು 300 ವೋಲ್ಟ್ ಡಿಸಿ. ಬಿಸಿಲಿರುವವರೆಗೆ ಇದನ್ನು 'ಆಫ್' ಮಾಡಲಾಗದು. ಕೇಬಲ್ 4 ಚದರ ಮಿ.ಮೀ. ಸೋಲಾರ್ ಡಿಸಿ ಕೇಬಲ್ಲೇ ಆಗಬೇಕು, ಮನೆಯೊಳಗಿನ ವೈರ್ ಬಿಸಿಲಿಗೆ ಸಿಪ್ಪೆ ಬಿಡುತ್ತದೆ. ಪ್ಯಾನೆಲ್ ಕೇಬಲ್‌ಗಳನ್ನು ಜೋಡಿಸುವ ಎಂಸಿ-4 ಕನೆಕ್ಟರ್ ಎರಡೂ ಬದಿ ಒಂದೇ ಕಂಪನಿಯದಿರಲಿ, ಕ್ರಿಂಪಿಂಗ್ (ವೈರಿನ ತುದಿಯನ್ನು ಒತ್ತಿ ಕೂರಿಸುವುದು) ಅದರದೇ ಟೂಲಿನಲ್ಲಿ ಆಗಲಿ. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ ಕನೆಕ್ಟರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಸಡಿಲ ಸಂಪರ್ಕ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಹತ್ತುವುದೂ ಅಲ್ಲಿಂದಲೇ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಟೂಲ್ ನೋಡಿ. ಕನೆಕ್ಟರ್ ತಾರಸಿಗೆ ತಾಗದಂತೆ ರೈಲಿಗೆ ಕಟ್ಟಿಸಿ, ನಿಂತ ನೀರಿನಲ್ಲಿ ಮುಳುಗಿದರೆ ಇನ್ವರ್ಟರ್ (ಪ್ಯಾನೆಲ್‌ನ ಡಿಸಿಯನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) 'ಇನ್ಸುಲೇಶನ್ ಫಾಲ್ಟ್' ತೋರಿಸಿ ನಿಲ್ಲುತ್ತದೆ.

ಇನ್ವರ್ಟರ್‌ನಿಂದ ಮೀಟರ್‌ಗೆ ಬರುವ ಎಸಿ ಕೇಬಲ್ ವಿಷಯದಲ್ಲಿ ಎಲ್ಲರೂ ಕಂಜೂಸ್. 3 ಕಿಲೋವ್ಯಾಟ್‌ಗೆ 13 ಆಂಪ್ಸ್. ತಾರಸಿಯಿಂದ ಕೆಳಗೆ ಮೀಟರ್ ಬೋರ್ಡಿಗೆ 30 ಮೀಟರ್ ಆದರೆ 4 ಚದರ ಮಿ.ಮೀ. ತಾಮ್ರದಲ್ಲಿ 3.6 ವೋಲ್ಟ್ ವ್ಯತ್ಯಾಸ, 6ರಲ್ಲಿ 2.4. ಚಿಕ್ಕದು ಅನಿಸುತ್ತದೆ, ಆದರೆ ಇನ್ವರ್ಟರ್ ಕರೆಂಟನ್ನು ಹೊರಗೆ ತಳ್ಳುವುದರಿಂದ ಅದರ ಬಾಯಲ್ಲಿ ವೋಲ್ಟೇಜ್ ಅಷ್ಟು ಏರಿರುತ್ತದೆ. ಮಧ್ಯಾಹ್ನ ಲೈನಿನಲ್ಲೇ 250 ದಾಟುವ ಕಡೆ ಇದೇ ಅಂಚಿನಿಂದ ಆಚೆ ತಳ್ಳಿ ಟ್ರಿಪ್ ಮಾಡಿಸುತ್ತದೆ. ಒಳ್ಳೆ ಬಿಸಿಲಲ್ಲಿ ಉತ್ಪಾದನೆ ಪದೇ ಪದೇ ನಿಲ್ಲುತ್ತಿದ್ದರೆ ಪ್ಯಾನೆಲ್ ಬೈಯುವ ಮೊದಲು ವೋಲ್ಟೇಜ್ ಅಳೆಯಿರಿ. ಲೈನಿನದೇ ತೊಂದರೆಯಾದರೆ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ವೋಲ್ಟೇಜ್ ಏರಿಸಿ ಇಳಿಸುವ ವ್ಯವಸ್ಥೆ) ಬದಲಿಸಲು ಸೆಕ್ಷನ್ ಆಫೀಸಿಗೆ ಬರೆದುಕೊಡಿ.

ಅರ್ಥಿಂಗ್ ಮೂರು ಗುಂಡಿ: ಡಿಸಿ ಕಡೆಗೆ ಒಂದು, ಎಸಿಗೆ ಒಂದು, ಮಿಂಚುವಾಹಕಕ್ಕೆ ಒಂದು. ರೋಧ 5 ಓಮ್‌ಗಿಂತ ಕಡಿಮೆ ಬರುತ್ತದೆಯೇ ಅಂತ ಮೀಟರಿನಲ್ಲಿ ತೋರಿಸಲು ಹೇಳಿ. ಮಿಂಚುವಾಹಕ ಇದ್ದಮಾತ್ರಕ್ಕೆ ಇನ್ವರ್ಟರ್ ಉಳಿಯುವುದಿಲ್ಲ, ಡಿಸಿ ಮತ್ತು ಎಸಿ ಎರಡೂ ಪೆಟ್ಟಿಗೆಯಲ್ಲಿ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ತಡೆಯುವುದು) ಬೇಕು. ಇನ್ವರ್ಟರನ್ನು ಪಶ್ಚಿಮದ ಗೋಡೆಗೆ ನೇತುಹಾಕಬೇಡಿ. ಸಂಜೆ ಬಿಸಿಲಿಗೆ ಕಾದು ತಾನೇ ಉತ್ಪಾದನೆ ಇಳಿಸಿಕೊಳ್ಳುತ್ತದೆ.

ಉತ್ತರ 5 (ಕೊಟೇಶನ್ ಬಗ್ಗೆ)

35,000 ವ್ಯತ್ಯಾಸ ಎಲ್ಲಿದೆ ಅಂತ ಹುಡುಕಿ. ಎರಡೂ ಕಡೆ ಇವು ಬರಹದಲ್ಲಿವೆಯೇ: ಪ್ಯಾನೆಲ್ ಕಂಪನಿ, ಮಾಡೆಲ್, ಡಿಸಿಆರ್ ಹೌದೋ ಅಲ್ಲವೋ, ಕಬ್ಬಿಣದ ದಪ್ಪ, ಎಸಿ ಕೇಬಲ್ ತಾಮ್ರವೋ ಅಲ್ಯೂಮಿನಿಯಮ್ಮೋ, ಅರ್ಥಿಂಗ್ ಗುಂಡಿ ಎಷ್ಟು, ನೆಟ್ ಮೀಟರ್ ಖರ್ಚು ಸೇರಿದೆಯೇ. ಸಾಮಾನ್ಯವಾಗಿ ಅಗ್ಗದ್ದರಲ್ಲಿ ಕೊನೆಯ ಮೂರು ಕಾಣೆಯಾಗಿರುತ್ತವೆ. ಡಿಸಿಆರ್ ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದ ಪ್ಯಾನೆಲ್. ಅದಿಲ್ಲದಿದ್ದರೆ ಸಬ್ಸಿಡಿ ಇಲ್ಲ. ಲಾರಿಯಿಂದ ಇಳಿಸುವಾಗಲೇ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ, ಮೇಲೇರಿಸಿದ ಮೇಲೆ ಸಿಗುವುದಿಲ್ಲ. ಯೋಜನೆಯ ಪ್ರಕಾರ 5 ವರ್ಷ ನಿರ್ವಹಣೆ ಅಳವಡಿಸಿದವರ ಹೊಣೆ, ಅದನ್ನೂ ಒಪ್ಪಂದದಲ್ಲಿ ಬರೆಸಿ. ಶೇ 10ರಷ್ಟು ಹಣವನ್ನಾದರೂ ನೆಟ್ ಮೀಟರ್ ಬರುವವರೆಗೆ ಹಿಡಿದಿಡಿ.

ಉತ್ತರ 6 (ಮಂಡ್ಯ, ಸಣ್ಣ ಉದ್ದಿಮೆಗಳಿಗೆ ಅಳವಡಿಸುವವರು)

ತಮ್ಮನಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ: ಆನ್‌ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ್ದು, ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ ಪ್ರಾಣ ಉಳಿಯಲೆಂದೇ ಹಾಗೆ ಮಾಡಿರುವುದು. ಬ್ಯಾಟರಿ ಇಟ್ಟು 10 ಎಚ್‌ಪಿ ಓಡಿಸುವುದು ಲೆಕ್ಕಕ್ಕೆ ಬರುವುದಿಲ್ಲ, ಮೋಟಾರು 7.5 ಕಿಲೋವ್ಯಾಟ್ ಆದರೂ ನೇರವಾಗಿ ಸ್ಟಾರ್ಟ್ ಮಾಡಿದಾಗ ಓಡುವಾಗಿನ ಆರು ಪಟ್ಟಿನಷ್ಟು ಕರೆಂಟ್ ಎಳೆಯಬಹುದು. ಗಿರಣಿಗೆ ಆನ್‌ಗ್ರಿಡ್, ಬೆಳಕು ಮತ್ತು ತೂಕದ ಯಂತ್ರಕ್ಕೆ ಬ್ಯಾಟರಿಯ ಚಿಕ್ಕ ಇನ್ವರ್ಟರ್ ಬೇರೆ, ಹೀಗೆ ಬಿಡಿಸಿ ಯೋಚಿಸಿ.

ದಿನಕ್ಕೆ 6 ಗಂಟೆ, ಮುಕ್ಕಾಲು ಲೋಡಿನಲ್ಲಿ ಓಡಿದರೆ 35ರಿಂದ 40 ಯೂನಿಟ್, ಅಂದರೆ 9ರಿಂದ 10 ಕಿಲೋವ್ಯಾಟ್, ಮೂರು ಫೇಸ್ ಇನ್ವರ್ಟರ್. ಮೀಟರಿನ ಯೂನಿಟ್ ನೋಡಿ ನಿರ್ಧರಿಸಿ, ಮೋಟಾರಿನ ತಗಡಿನ ಮೇಲಿನ ಎಚ್‌ಪಿ ನೋಡಿ ಅಲ್ಲ. ಸಬ್ಸಿಡಿ ಇಲ್ಲದಿದ್ದರೂ ಆದಾಯ ತೆರಿಗೆ ಲೆಕ್ಕದಲ್ಲಿ ಶೇ 40 ಸವಕಳಿ ಸಿಗುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ ಮಾತ್ರ, ಹಾಗಾಗಿ ಸೆಪ್ಟೆಂಬರ್ ಒಳಗೆ ಚಾಲೂ ಆದರೆ ಒಳ್ಳೆಯದು.

ಯಾರೂ ಹೇಳದ ಒಂದು ವಿಷಯ ಪವರ್ ಫ್ಯಾಕ್ಟರ್, ಅಂದರೆ ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು. ಸೋಲಾರ್ ಬಂದಮೇಲೆ ಗ್ರಿಡ್‌ನಿಂದ ಎಳೆಯುವ ಯೂನಿಟ್ ಇಳಿಯುತ್ತದೆ, ಮೋಟಾರಿನ ರಿಯಾಕ್ಟಿವ್ ಪಾಲು (ಕೆಲಸಕ್ಕೆ ಬಾರದೆ ಹೋಗಿಬರುವ ವಿದ್ಯುತ್) ಹಾಗೇ ಉಳಿಯುತ್ತದೆ. ಮೀಟರಿನಲ್ಲಿ ಪವರ್ ಫ್ಯಾಕ್ಟರ್ ಕುಸಿದು ದಂಡ ಬೀಳಬಹುದು. ಇದನ್ನು ಸರಿದೂಗಿಸುವ ಕೆಪಾಸಿಟರ್ ಜೀವಂತ ಇದೆಯೇ ಪರೀಕ್ಷಿಸಿ, ಸತ್ತಿದ್ದರೆ ಬದಲಿಸಿ.

ಆಸ್ಬೆಸ್ಟಾಸ್ ಶೀಟಾದರೆ ಅದರ ಮೇಲೆ ಕಾಲಿಡುವುದೇ ಬೇಡ. ಲೋಹದ ಶೀಟಾದರೆ ರೈಲಿನ ಸ್ಕ್ರೂ ಕೆಳಗಿನ ಪರ್ಲಿನ್‌ಗೆ (ಶೀಟನ್ನು ಹೊತ್ತ ಅಡ್ಡಪಟ್ಟಿ) ಕಚ್ಚಬೇಕು, ರಂಧ್ರವನ್ನು ಶೀಟಿನ ಉಬ್ಬಿನ ಮೇಲೆ ಮಾಡಿ ನೀರು ಸೋರದಂತೆ ಬ್ಯುಟೈಲ್ ಟೇಪ್ ಹಾಕಬೇಕು, ತಗ್ಗಿನಲ್ಲಿ ಅಲ್ಲ.

ಉತ್ತರ 7

ತೊಳೆಯುವ ಬಗ್ಗೆ ಸೇರಿಸುತ್ತೇನೆ. ಗಿರಣಿಯ ಹಿಟ್ಟಿನ ಪುಡಿ ಇಬ್ಬನಿಗೆ ಅಂಟಾಗುತ್ತದೆ, ಹತ್ತಿರ ಆಲೆಮನೆ ಇದ್ದರೆ ಮಸಿ ಬೇರೆ. ಇವೆರಡೂ ಬರೀ ನೀರಿಗೆ ಬಿಡುವುದಿಲ್ಲ, ಮೆತ್ತನೆ ವೈಪರ್ ಬೇಕು. ಮಂಡ್ಯದ ಕಡೆ ವಾರಕ್ಕೊಮ್ಮೆ, ಮೈಸೂರಿನ ಮನೆಗೆ ಹದಿನೈದು ದಿನಕ್ಕೊಮ್ಮೆ ಸಾಕು. ಗಡಸು ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಗಾಜಿಗೆ ಕಚ್ಚುತ್ತದೆ. ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಬೆಳಗ್ಗೆ ಬಿಸಿಲೇರುವ ಮುನ್ನವೇ ತೊಳೆಯಿರಿ, ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಪ್ಯಾನೆಲ್ ಅಡಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ, ಅಳಿಲು ಕೇಬಲ್ ಕಡಿಯುತ್ತದೆ. ಸುತ್ತ ಜಾಲರಿ ಹಾಕಿಸಿ. ರಿಪೇರಿಗೆ ಯಾರೇ ಬಂದರೂ ಮೊದಲು ಎಸಿ ಎಂಸಿಬಿ, ಆಮೇಲೆ ಡಿಸಿ ಐಸೊಲೇಟರ್ ಇಳಿಸಿಯೇ ಕನೆಕ್ಟರ್‌ಗೆ ಕೈ ಹಾಕಬೇಕು. ಓಡುತ್ತಿರುವಾಗ ಎಂಸಿ-4 ಎಳೆದರೆ ಡಿಸಿ ಕಿಡಿ ನಂದದೆ ಉರಿದು ಕೈ ಸುಡುತ್ತದೆ. ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಇನ್ವರ್ಟರ್ ಪಕ್ಕ ಅಂಟಿಸಿ.